ದುಬೈಯಲ್ಲಿ ಕಾಣದ ಟೈಲ್ಸ್ ಅಂಗಡಿ

ಟೈಲ್ಸ್ ಅಂಗಡಿಯ ಹಮೀದಾಕ ಮೊಬೈಲನ್ನು ಕಿವಿಯಿಂದ ತೆಗೆದು ನಮ್ಮಿಬ್ಬರನ್ನೂ ದಿಟ್ಟಿಸಿದರು. "ನನ್ನ ತಮ್ಮ ದುಬೈಯಲ್ಲಿ ಅರಬಿಯನ್ನು ಎದುರು ಕೂರಿಸಿಕೊಂಡಿದ್ದಾನೆ. ಅಲ್ಲಿ ನೀವು ಮಾಡಿಕೊಟ್ಟ ವೆಬ್‌ಸೈಟೇ ಇಲ್ಲವಂತೆ!" ಅಂಗಡಿ ಮೆಚ್ಚಿದರೆ ಆ ಅರಬಿ ಪಾಲುದಾರನಾಗುವವನಿದ್ದ.

2004ರ ಮಾತು. ಬಂಟ್ವಾಳದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನ ಕಂಪ್ಯೂಟರಿನಲ್ಲಿ ಸೈಟು ಥಳಥಳ ಹೊಳೆಯುತ್ತಿತ್ತು. ಜೊತೆಗಾರ ಪ್ರಶಾಂತ, "ದುಬೈಯ ಇಂಟರ್‌ನೆಟ್ ಸ್ಲೋ ಇರಬೇಕು" ಎಂದು ಗಂಭೀರವಾಗಿ ನುಡಿದ. ಎಂಜಿನಿಯರಿಂಗ್ ಓದಿದ ನಾನೂ ಅಷ್ಟೇ ಗಂಭೀರವಾಗಿ ತಲೆಯಾಡಿಸಿದೆ. ಆಮೇಲೆ ಪರದೆಯ ಮೇಲ್ತುದಿಯ ವಿಳಾಸ ಕಣ್ಣಿಗೆ ಬಿತ್ತು: ‘ಲೋಕಲ್‌ಹೋಸ್ಟ್’. ಅದು ಪ್ರತಿ ಕಂಪ್ಯೂಟರೂ ತನ್ನನ್ನು ತಾನೇ ಕರೆದುಕೊಳ್ಳುವ ಹೆಸರು. ದುಬೈಯಲ್ಲಿ ಒತ್ತಿದರೆ ದುಬೈಯ ಕಂಪ್ಯೂಟರ್ ತನ್ನ ಹೊಟ್ಟೆಯೊಳಗೇ ಟೈಲ್ಸ್ ಹುಡುಕುತ್ತದೆ. ಸೈಟನ್ನು ಹೊರಗಿನ ಸರ್ವರ್‌ಗೆ ನಾವು ಏರಿಸಿಯೇ ಇರಲಿಲ್ಲ.

ವಿವರಿಸಿದೆವು. ಹಮೀದಾಕ ಶಾಂತವಾಗಿ ಕೇಳಿದರು: "ಹಾಗಾದರೆ ಈ ಡಬ್ಬಿಯನ್ನು ವಿಮಾನದಲ್ಲಿ ಕಳಿಸುವುದಾ? ಹೊಸ ವರ್ಷದ ಕ್ಯಾಲೆಂಡರಿಗೂ ಇದೇ ವಿಳಾಸ ಹಾಕಿಸಿ ಊರಿಡೀ ಹಂಚಿ ಆಯ್ತಲ್ಲ ಮಾರಾಯ್ರೆ!"

ಅಷ್ಟರಲ್ಲಿ ದುಬೈಯಲ್ಲಿ ಅರಬಿ ಎದ್ದು ಹೋಗಿದ್ದ.

ಹಮೀದಾಕರಿಗೆ ಆ ವಿಳಾಸ ಹೇಳಿಕೊಟ್ಟವನು ಪ್ರಶಾಂತ ಎಂದು ನನ್ನ ನೆನಪು. ನಾನೇ ಎಂದು ಅವನ ನೆನಪು. ಇಬ್ಬರ ನೆನಪೂ ಅವರವರ ತಲೆಯಲ್ಲಿ ಮಾತ್ರ ಸರಿಯಾಗಿ ತೆರೆದುಕೊಳ್ಳುತ್ತದೆ, ಹಾಗಾಗಿ ನನ್ನದನ್ನೂ ನಂಬುವುದು ಬಿಟ್ಟಿದ್ದೇನೆ. ಮಡಂತ್ಯಾರಿನ ಹೋಟೆಲೊಂದರಲ್ಲಿ ಆ ಕ್ಯಾಲೆಂಡರ್ ವರ್ಷ ಮುಗಿದ ಮೇಲೂ ತೂಗುತ್ತಿತ್ತು: ‘ಜಗತ್ತಿನ ಯಾವ ಮೂಲೆಯಿಂದಲೂ ನಮ್ಮ ಅಂಗಡಿ ನೋಡಿ – ಲೋಕಲ್‌ಹೋಸ್ಟ್’.