ಸೆಕ್ರೆಟರಿ ಸಾಹೇಬ್ರ ತಾಚಿ

ಸಂಜಯನಗರದ ಒಂದು ಅಪಾರ್ಟ್‌ಮೆಂಟಲ್ಲಿ ಲಿಫ್ಟ್ ಕೆಟ್ಟಿತ್ತು. ಅಲ್ಲಿನ ಸೆಕ್ರೆಟರಿ ರಿಟೈರ್ಡ್ ಪೊಲೀಸ್ ಇನ್ಸ್‌ಪೆಕ್ಟರ್; ಫೋನಲ್ಲೇ ಗದರಿ ನನ್ನನ್ನ ಕರೆಸಿದ್ರು. ಮಧ್ಯಾಹ್ನ ಹೋದರೆ ಗೇಟಲ್ಲಿ ಅಸ್ಸಾಮಿನ ಸೆಕ್ಯುರಿಟಿ, ಆರಡಿ ಆಳು, ಪೊದೆ ಮೀಸೆ.

“ಸೆಕ್ರೆಟರಿ ಇದ್ದಾರಾ?”

“ಸಾರ್ ತಾಚಿ ಮಾಡ್ತಿದ್ದಾರೆ,” ಅಂದ, ಭಾರೀ ಗಂಭೀರವಾಗಿ.

ನಾನು ತೆರೆದ ಬಾಯಿ ಮುಚ್ಚೋ ಮೊದಲೇ ಅವರಿಗೆ ಫೋನ್ ಮಾಡಿದ. “ಸಾರ್, ತಾಚಿ ಆಯ್ತಾ? ಲಿಫ್ಟ್ ಅಣ್ಣ ಬಂದಿದ್ದಾರೆ.” ಆ ಕಡೆಯಿಂದ ಇನ್ಸ್‌ಪೆಕ್ಟರ್ “ಹ್ಞೂಂ, ಆಯ್ತು” ಅಂದಿದ್ದು ನನಗೂ ಕೇಳಿಸ್ತು! ಆಮೇಲೆ ನನ್ನ ಕಡೆ ತಿರುಗಿ, “ಅಣ್ಣಾ, ನಿಮ್ದು ಮಮ್ಮು ಆಯ್ತಾ?”

“ಯಾರ್ ಗುರು ನಿಂಗೆ ಕನ್ನಡ ಕಲ್ಸಿದ್ದು?”

“ಫಸ್ಟ್ ಫ್ಲೋರ್ ಅಜ್ಜಿ. ದಿನಾ ಇಲ್ಲಿ ಕೂತು ಮೊಮ್ಮಗೂಗೆ ತಿನ್ನಿಸ್ತಾರೆ. ನಾನು ಕೇಳಿ ಕೇಳಿ ಕಲಿತೆ.” ಸ್ವಲ್ಪ ನಾಚಿಕೊಂಡ. “ತಪ್ಪಿದ್ರೆ ಹೇಳಿ ಅಣ್ಣಾ.”

ಕೆಲಸ ಮುಗಿಸಿ ಹೇಳ್ತೀನಿ ಅಂದೆ. ಲಿಫ್ಟಿನ ಗುಂಡಿಗೆ ಇಳಿಯುವಾಗ ಟಾರ್ಚ್ ಹಿಡಿದು, “ಹುಷಾರು, ಒಳಗೆ ಗುಮ್ಮ ಇದ್ದಾನೆ,” ಅಂದ. ನಕ್ಕು ನಕ್ಕು ಕೈಯಲ್ಲಿದ್ದ ಸ್ಪ್ಯಾನರ್ ಬಿದ್ದೋಯ್ತು.

ಒಂದು ಗಂಟೆ ಒದ್ದಾಡಿದ ಮೇಲೆ ಲಿಫ್ಟ್ ಓಡಿತು. ಮೈಯೆಲ್ಲಾ ಗ್ರೀಸು. ಹೊರಗೆ ಬಂದು, ಇವನ ಕನ್ನಡ ತಿದ್ದೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕಣ್ಣರಳಿಸಿ, ಚಪ್ಪಾಳೆ ತಟ್ಟಿ, “ಜಾಣಮರಿ!” ಅಂದ.

ಇಪ್ಪತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡ್ತಿದ್ದೀನಿ ಕಣ್ರೀ, ಹಂಗಂತ ಯಾರೂ ಅಂದಿರಲಿಲ್ಲ.

“ನಿನ್ ಕನ್ನಡದಲ್ಲಿ ಒಂದ್ ತಪ್ಪೂ ಇಲ್ಲ ಗುರು,” ಅಂದು ಬಂದ್ಬಿಟ್ಟೆ.