ಖಾನಾಪುರದ ಸಭೆಯಲ್ಲಿ ಒಬ್ಬ ತಾಯಿ

ಬೆಳಗಾವಿಯ ನಮ್ಮ ಮಾನವತಾವಾದಿ ಬಳಗ ಕಳೆದ ವರ್ಷ ಖಾನಾಪುರದಲ್ಲಿ ಸಭೆ ನಡೆಸಿತು. ಸತ್ತ ಮೇಲೆ ಏನೂ ಉಳಿಯುವುದಿಲ್ಲ, ಇರುವಾಗಲೇ ಚೆನ್ನಾಗಿ ಬದುಕಬೇಕು ಎಂದು ನಾನು ಮಾತಾಡಿದೆ. ಚಪ್ಪಾಳೆ ಬಿತ್ತು. ಎಲ್ಲರೂ ಚಹಾಕ್ಕೆ ಎದ್ದಾಗ ಹೆಂಗಸೊಬ್ಬರು ಹತ್ತಿರ ಬಂದರು.

"ಸರ, ಹ್ವಾದ ತಿಂಗಳ ನನ್ನ ಮಗಳು ಜ್ವರ ಬಂದು ತೀರಿಕೊಂಡ್ಲು. ಹಂಗಾರ ಅಕಿ ಎಲ್ಲೂ ಇಲ್ಲೇನ್ರಿ?"

ನಾನು ಪಕ್ಕದ ಕುರ್ಚಿಯನ್ನು ಅವರತ್ತ ಎಳೆದೆ.

"ಕುಂದರ್ರಿ. ಮಗಳ ಬಗ್ಗೆ ಹೇಳ್ರಿ," ಎಂದೆ.

ಮಗಳು ಬಸ್ ಕಂಡಕ್ಟರನ ಜೊತೆ ಕನ್ನಡದಲ್ಲೂ ಮರಾಠಿಯಲ್ಲೂ ಜಗಳವಾಡುತ್ತಿದ್ದಳೆಂದು ಹೇಳುತ್ತ ಅವರು ನಕ್ಕರು, ಆಮೇಲೆ ಅತ್ತರು. ಏಳುವಾಗ ಮತ್ತೆ ಅದನ್ನೇ ಕೇಳಿದರು.

"ಇಲ್ರಿ. ನನಗ ಹಂಗ ಅನಸ್ತದ," ಎಂದೆ. ಸುಳ್ಳು ಹೇಳಲಾಗಲಿಲ್ಲ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಕುಡಿಯದೇ ಹೋದರು. ಆ ವಿಷಯದ ಮೇಲೆ ನಾನು ಮತ್ತೆ ಭಾಷಣ ಮಾಡಿಲ್ಲ.