ಕೊಡಲಿ ಎತ್ತಿದ ಟೇಲರ್ ಕಾಕಾ

ಹೋದ ವಾರ ಮೊಮ್ಮಗಳು ಬೆಳಗಾವಿಯ ಕಾಲೇಜಿನಿಂದ ಬರುವಾಗ ಕರಿಯ ಟೀ ಶರ್ಟ್ ತೊಟ್ಟು ಬಂದಳು. ಎದೆಯ ಮೇಲೆ, ಕಣ್ಣು ಹೊರಳಿಸಿ ಕೊಡಲಿ ಎತ್ತಿ ನಿಂತ ಒಬ್ಬ ಮನುಷ್ಯನ ಚಿತ್ರ. ಅರವತ್ತೈದು ದಾಟಿದವನು ಅರಿವೆಯ ಮೇಲಿನ ಚಿತ್ರಕ್ಕೆ ಹೆದರುವುದು ಶೋಭೆಯಲ್ಲ, ಆದರೂ ಹೆದರಿದೆ. ಅವರು, ನಾನು ಸಣ್ಣವನಿದ್ದಾಗ ಸಂಪಗಾಂವದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೇಲರ್ ಕಾಕಾ.

ಕಾಕಾ ಬೀಡಿ ಮುಟ್ಟಿದವರಲ್ಲ, ಎಲೆ ಅಡಿಕೆ ಹಾಕಿದವರೂ ಅಲ್ಲ. ಅವರಿಗಿದ್ದ ಒಂದೇ ಚಟ ನಾಟಕ. ಗಾಂಜಾದ ಕೆಡುಕನ್ನು ಜನಕ್ಕೆ ತಿಳಿಸುವ ಚಿತ್ರ ತೆಗೆಯಲು ಜೀಪಿನಲ್ಲಿ ಯಾರೋ ಬಂದಾಗ, ಸೇದುವವನ ಪಾತ್ರಕ್ಕೆ ಅವರನ್ನೇ ಆರಿಸಿದರು. ಊರಲ್ಲಿ ನಿಜವಾಗಿ ಸೇದುವವರು ಇಬ್ಬರಿದ್ದರು. ಬಹಳ ಸೌಮ್ಯರು, ಕ್ಯಾಮೆರಾಕ್ಕೆ ನಿರುಪಯೋಗಿಗಳು.

ಕೆಲವು ತಿಂಗಳ ಮೇಲೆ, ಸಾಲೆಯ ಕಿಟಕಿಗಳಿಗೆಲ್ಲ ಕೌದಿ ಕಟ್ಟಿ, ಹಾಡಹಗಲೇ ಕತ್ತಲೆ ಮಾಡಿ ಚಿತ್ರ ತೋರಿಸಿದರು. ಕಾಕಾ ಇಸ್ತ್ರಿಯ ಧೋತರ ಉಟ್ಟು ಮುಂದೆಯೇ ಕುಳಿತಿದ್ದರು. ಪರದೆಯ ಮೇಲೆ ಮೊದಲ ದಮ್ಮಿಗೆ ಅವರು ನಕ್ಕರು. ಎರಡನೆಯದಕ್ಕೆ ಎಮ್ಮೆಯನ್ನು ಅಪ್ಪಿಕೊಂಡು ಅತ್ತರು. ಮೂರನೆಯದಕ್ಕೆ ಕೊಡಲಿ ಎತ್ತಿ ಹೆತ್ತ ತಾಯಿಯ ಕಡೆ ನಡೆದರು... ಇಷ್ಟು ಶೀಘ್ರ ಅಧಃಪತನ ಪುರಾಣಗಳಲ್ಲೂ ಅಪರೂಪ. ಆದರೆ ಅಂದು ಯಾರೂ ನಗಲಿಲ್ಲ. ನನ್ನ ಚಡ್ಡಿ ಒದ್ದೆಯಾಗಿತ್ತು.

ಕೌದಿ ತೆಗೆದಾಗ ಕಾಕಾ ಎದ್ದು ಕೈಮುಗಿದರು. ಚಪ್ಪಾಳೆ ಬರಲಿಲ್ಲ. ಹೆಂಗಸರು ಮಕ್ಕಳನ್ನು ಸೆರಗಿಗೆ ಎಳೆದುಕೊಂಡರು.

"ಅಕ್ಕಾರ, ಅದು ಬರೇ ಪಾರ್ಟ್ ರೀ! ಚಿಲುಮಿಯೊಳಗ ಒಣಾ ಮೆಂತೆಪಲ್ಲೆ ಇತ್ತು," ಅಂದರು ಕಾಕಾ.

"ಸೇದಾವರೆಲ್ಲಾ ಹಂಗ ಅಂತಾರ," ಅಂದಳು ನಮ್ಮವ್ವ.

ನಾಟಕದಲ್ಲಿ ಶರಣನಾದವನ ಪಾದಕ್ಕೆ ಮರುದಿನ ಸಂತೆಯಲ್ಲೂ ಬೀಳುವ ಊರು ನಮ್ಮದು. ಅದೇ ನ್ಯಾಯದಲ್ಲಿ, ಕೊಡಲಿ ಎತ್ತಿದವನಿಗೆ ಬ್ಲೌಜಿನ ಅಳತೆ ಕೊಡುವವರು ಯಾರು? ಅಂಗಡಿ ಬಣಗುಟ್ಟಿತು. ಒಂದು ದಿನ ಕಾಕಾ ನಮ್ಮ ಹೊಸ್ತಿಲ ಹೊರಗೇ ನಿಂತು, "ವೈನಿ, ನಿಮ್ಮದೊಂದು ಬ್ಲೌಜ್ ಕೊಡ್ರಿ. ನೀವು ಕೊಟ್ಟರ ಓಣಿ ಕೊಡತೈತಿ. ಇಲ್ಲಂದ್ರ ನಾ ಊರ ಬಿಡಬೇಕಾಗತೈತಿ," ಅಂದರು. ಅವ್ವ ಕರಗಿದಳು, ಅರ್ಧ ಮಾತ್ರ. ಅರಿವೆ ಕೊಟ್ಟಳು, ಹೊಲಿದದ್ದನ್ನು ತರಲು ನನ್ನನ್ನು ಕಳಿಸುವಾಗ, "ಕಣ್ಣ ಹೆಂಗದಾವ ನೋಡಿ ಬಾ," ಅಂದಳು.

ಕಾಕಾ ಕತ್ತರಿ ಹಿಡಿದೇ ತಲೆ ಎತ್ತಿದರು. ಕಣ್ಣು ಕೆಂಪಗಿದ್ದವು. ಊರಿಗೆಲ್ಲ ಆಗ ಕಣ್ಣುಬೇನೆ, ನಮ್ಮಪ್ಪನಿಗೂ ಇತ್ತು. "ಬಾರೋ ತಮ್ಮಾ, ಒಂದು ಹುಕ್ಕ ಹಚ್ಚೂದು ಉಳದೈತಿ," ಅಂದರು. ನಾನು ಓಡಿದೆ. ಓಣಿಗೆಲ್ಲ ಕೇಳುವಂತೆ, "ಕಣ್ಣ ಕೆಂಪಗದಾವ! ಕತ್ತರಿ ಎತ್ತಿದಾ!" ಎಂದು ಕೂಗಿದೆ.

ಅವರು ಎತ್ತಿರಲಿಲ್ಲ.

ಆ ವಾರವೇ ಮಿಷಿನ್ನು ಚಕ್ಕಡಿ ಏರಿತು. ನಮ್ಮ ಕಟ್ಟೆಯ ಮೇಲೆ ಅವ್ವನ ಬ್ಲೌಜ್ ಮಡಚಿಟ್ಟು ಹೋಗಿದ್ದರು, ಹುಕ್ಕು ಹಚ್ಚಿ. ಅವ್ವ ಅದನ್ನು ತೊಡಲಿಲ್ಲ, ಬಿಸಾಡಲೂ ಇಲ್ಲ. ಕಟಕೋಳದಲ್ಲಿ ಯಾರೋ ಕಾಕಾನನ್ನು ಕಂಡರಂತೆ... ಆಮೇಲೆ ಅದೂ ಇಲ್ಲ.

ಈಗ ಆ ಚಿತ್ರ ಮೊಬೈಲುಗಳಲ್ಲಿ ಓಡಾಡುತ್ತಿದೆ. ಹಾಸ್ಟೆಲಿನ ಹುಡುಗಿಯರು ಗುಂಪಾಗಿ ಕುಳಿತು ನೋಡುತ್ತಾರಂತೆ. ಕೊಡಲಿ ಏಳುವಾಗ ಸೀಟಿ ಹೊಡೆಯುತ್ತಾರಂತೆ. ಮೊಮ್ಮಗಳು ನನಗೂ ತೋರಿಸಿ ಬಿದ್ದು ಬಿದ್ದು ನಕ್ಕಳು.

"ಈ ಮನಷ್ಯಾಗ ಎಷ್ಟ ಮಂದಿ ಫ್ಯಾನ್ಸ್ ಅದಾರ ಗೊತ್ತೇನ ಅಜ್ಜಾ? ಯಾರಂತ ಎಲ್ಲಾರೂ ಹುಡುಕಾಕತ್ತಾರ. ನಮ್ಮ ಕಡೆಯವರಂತ. ನಿನಗೇನರ ಗೊತ್ತೈತೇನು?"

ಗೊತ್ತೆಂದರೆ, ಮುಂದೇನಾಯಿತು ಎಂದು ಕೇಳುತ್ತಾಳೆ. ಕಾಕಾ ಈಗ ಬದುಕಿರಲಾರರು. ಅವರ ಪರವಾಗಿ ಒಂದು ಮಾತು ಆಡಬಲ್ಲವನು ನಾನೊಬ್ಬನೇ.

"ಇಲ್ಲವ್ವಾ," ಅಂದೆ. "ಯಾರೋ ಏನೋ."